ಗಾಡಿಯ ವಿಷಯ ಮಾತ್ರ

ಫೆಬ್ರವರಿ ೧೧

ಅಣ್ಣನಿಗೆ,

ವಿಳಾಸ ಹಳೆಯದು. ನೀನು ಅಲ್ಲೇ ಇದ್ದೀಯೋ ಇಲ್ಲವೋ ಗೊತ್ತಿಲ್ಲ. ಇದ್ದರೆ, ಇದು ನಿನ್ನ ತಂಗಿ ಬರೆಯುತ್ತಿರುವ ಕಾಗದ. ಗಾಬರಿಯಾಗಬೇಡ. ಗಾಡಿಯ ವಿಷಯಕ್ಕೆ ಮಾತ್ರ ಬರೆಯುತ್ತಿದ್ದೇನೆ.

ಅಪ್ಪನ ಲಾಂಡ್ರಿ ವ್ಯಾನು ಇನ್ನೂ ಇದೆ. ಲಾಂಡ್ರಿ ಮುಚ್ಚಿದರೂ ಅದನ್ನು ಅವರು ಬಿಟ್ಟುಕೊಡಲಿಲ್ಲ. ಹೋದ ವರ್ಷ ಅವರಿಗೆ ಪಾರ್ಶ್ವವಾಯು ಬಡಿದು ತಲೆಗೆ ಆಪರೇಷನ್ ಆಯಿತು. ನಿನಗೆ ತಿಳಿಸಲಿಲ್ಲ. ತಿಳಿಸಬಾರದು ಅಂತಲ್ಲ, ಹೇಗೆ ತಿಳಿಸಬೇಕೋ ಗೊತ್ತಾಗಲಿಲ್ಲ. ಈಗ ಗಾಲಿಕುರ್ಚಿಯಲ್ಲಿದ್ದಾರೆ. ಆಸ್ಪತ್ರೆಯ ಹಾಸಿಗೆ ಬಟ್ಟೆ ಏರಿಸಲು ವ್ಯಾನಿನ ಹಿಂಬಾಗಿಲಿಗೆ ಲಿಫ್ಟ್ ಹಾಕಿಸಿದ್ದರಲ್ಲ, ಅದರಲ್ಲೇ ಈಗ ಅವರನ್ನು ಏರಿಸುತ್ತೇನೆ. ಹಿಂದೆ ಕೂತು ನನಗೆ ಡ್ರೈವಿಂಗ್ ಹೇಳಿಕೊಡುತ್ತಾರೆ. "ಗೇರು ಬದಲಾಯಿಸು, ಅದೇನು ಗಾಡಿನಾ ಕತ್ತೆನಾ?" ಅಂತ ದಾರಿಯುದ್ದಕ್ಕೂ.

ತೊಂದರೆ ಏನೆಂದರೆ, ಗಾಡಿ ಸ್ವಲ್ಪ ದೂರ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಸತ್ತಂತೆ ನಿಂತುಬಿಡುತ್ತದೆ. ಆರಿದ ಮೇಲೆ ಮತ್ತೆ ಏನೂ ಆಗಿಲ್ಲವೆನ್ನುವಂತೆ ಹೊರಡುತ್ತದೆ. ನಮ್ಮ ಗ್ಯಾರೇಜಿನ ಮೇಸ್ತ್ರಿ ನೋಡಿ, "ಇಂಜಿನ್ ನಡೆಸೋ ಕಂಪ್ಯೂಟರ್ ಡಬ್ಬಿ ಹೋಗಿದೆ ಕಣಮ್ಮ. ಈ ಮಾಡೆಲ್ ನಿಂತು ಯಾವ ಕಾಲ ಆಯ್ತು! ಕಂಪನಿಯೋರೇ ಕೈ ಎತ್ತಿಬಿಟ್ಟಿದ್ದಾರೆ" ಅಂದ.

ನೀನು ಬಸ್ ಡಿಪೋದ ಎಲೆಕ್ಟ್ರಿಕ್ ಕೆಲಸ ಬಿಟ್ಟು ಈಗ ಗುಜರಿ ಬಜಾರಿನಲ್ಲಿ ಕೂರುತ್ತೀಯ ಎಂದು ಕೇಳಿದೆ. ಇಂಥ ವ್ಯಾನು ಯಾವುದಾದರೂ ಒಡೆಯಲು ಬಂದರೆ ಆ ಡಬ್ಬಿ ತೆಗೆದಿಡು. ಅದೊಂದು ಸಿಕ್ಕಿಬಿಟ್ಟರೆ ಮತ್ತೆ ನಿನಗೆ ತೊಂದರೆ ಕೊಡುವುದಿಲ್ಲ.

ಮನೆಯ ಫೋನು ಅಪ್ಪನ ಮಂಚದ ಪಕ್ಕದಲ್ಲೇ ಇರುತ್ತದೆ. ಕಾಗದವೇ ವಾಸಿ.

ತಂಗಿ


ಫೆಬ್ರವರಿ ೨೦

ಗುಬ್ಬಿ,

ಹಾಗೆ ಕರೆಯಬಹುದು ತಾನೆ? ನಿನ್ನ ಕಾಗದ ಕೊಟ್ಟ ಅಂಚೆಯವನು ತಿರುಗಿ ನನ್ನ ಮುಖ ನೋಡಿದ. ನನಗೂ ಕಾಗದ ಬರುತ್ತದೆ ಎನ್ನುವುದು ಅವನಿಗೂ ಹೊಸ ಸುದ್ದಿ.

ಮೊದಲು ಗಾಡಿಯ ಮಾತು. ಡಬ್ಬಿ ಎಡಗಡೆ ಡ್ಯಾಶ್‌ಬೋರ್ಡಿನ ಕೆಳಗೆ, ಕಾಲಿಡುವ ಜಾಗದ ಮೇಲೆ ಇರುತ್ತದೆ. ತಗಡಿನ ಕವಚ. ಒಳಗಿನ ಬೋರ್ಡಿನ ಬೆಸುಗೆ ಹಳತಾಗಿ ಸೀಳಿರುತ್ತದೆ. ಬಿಸಿಗೆ ಬಾಯಿ ಬಿಡುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ಬೆಸುಗೆ ಹಾಕೋಣವೆಂದರೆ ಕಂಪನಿಯವರು ಬೋರ್ಡಿನ ಮೇಲೆ ಅಂಟು ಸುರಿದಿದ್ದಾರೆ, ಕೆದಕಿದರೆ ಬೋರ್ಡೇ ಕಿತ್ತು ಬರುತ್ತದೆ. ಬೇರೆ ಡಬ್ಬಿಯೇ ಬೇಕು. ಅದೂ ಬರೀ ಡಬ್ಬಿ ಸಾಲದು. ಆ ಡಬ್ಬಿ ತನ್ನ ಗಾಡಿಯ ಕೀಯೊಳಗಿನ ಚಿಪ್ಪನ್ನು ಮಾತ್ರ ಗುರುತು ಹಿಡಿಯುತ್ತದೆ. ಸತ್ತ ಗಾಡಿಯ ಕೀ ಕೂಡ ಜೊತೆಗೇ ಸಿಗಬೇಕು. ಗುಜರಿಗೆ ಬರುವ ಗಾಡಿಗಳ ಕೀಯನ್ನು ಯಾರು ಇಟ್ಟುಕೊಂಡಿರುತ್ತಾರೆ ಹೇಳು.

ಅಲ್ಲಿಯವರೆಗೆ ಒಂದು ಉಪಾಯ. ಕವಚದ ಮೇಲೆ ಒದ್ದೆ ಬಟ್ಟೆ ಹಾಸು. ಚೆನ್ನಾಗಿ ಹಿಂಡಿರಬೇಕು, ಒಂದು ಹನಿಯೂ ತೊಟ್ಟಿಕ್ಕಬಾರದು. ಆಸ್ಪತ್ರೆಗೆ ಹೋಗಿ ಬರುವಷ್ಟು ದೂರಕ್ಕೆ ಇದು ಸಾಕು.

ಅಪ್ಪನ ಬಗ್ಗೆ ನೀನು ಬರೆದ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಏನು ಬರೆಯಲಿ? ಅಮ್ಮನ ಆಪರೇಷನ್ ದಿನ ಅವರು ಗಾಡಿ ತೆಗೆದುಕೊಂಡು ಹೊರಗೆ ಹೋಗಿದ್ದರು, ಡಾಕ್ಟರು ತಡಮಾಡಬೇಡಿ ಅಂದರು, ನಾನು ಸಹಿ ಹಾಕಿದೆ. ಅಮ್ಮ ಏಳಲಿಲ್ಲ. "ನಾನು ಬರೋವರೆಗೂ ಕಾಯೋಕಾಗಲಿಲ್ವಾ? ನನ್ನ ಕಣ್ಣಿಗೆ ಬೀಳಬೇಡ" ಅಂದರು ಅಪ್ಪ. ಜೀವನದಲ್ಲಿ ನಾನು ಚಾಚೂ ತಪ್ಪದೆ ಪಾಲಿಸಿದ ಅವರ ಮಾತು ಅದೊಂದೇ.

ನನ್ನ ಬಳಿ ಫೋನಿದೆ. ಆದರೆ ಗುಜರಿಯ ಸುತ್ತಿಗೆ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ನೀನು ಬರೆಯುತ್ತಲೇ ಇರು.

ಅಣ್ಣ


ಮಾರ್ಚ್ ೩

ಅಣ್ಣ,

ಒದ್ದೆ ಬಟ್ಟೆ ಕೆಲಸ ಮಾಡಿತು! ಆಸ್ಪತ್ರೆಗೆ ಹೋಗುವಾಗ ಒಂದೇ ಸಲ ನಿಂತಿತು, ದೊಡ್ಡ ಮರದ ಕೆಳಗೆ. ಮೇಸ್ತ್ರಿಗೆ ಹೇಳಿದರೆ, "ಅಂದ್ರೆ ಗಾಡಿಗೂ ಜ್ವರದ ಪಟ್ಟಿ ಹಾಕಿದ್ರಿ ಅನ್ನಿ" ಎಂದು ನಕ್ಕ. ಲಾಂಡ್ರಿಯವರ ಮಗಳಿಗೆ ಬಟ್ಟೆ ಹಿಂಡುವುದನ್ನು ಹೇಳಿಕೊಡಲು ಬಂದೆಯಲ್ಲ, ನಿನಗೆ ಎಷ್ಟು ಧೈರ್ಯ.

ಆದರೂ ಡಬ್ಬಿ ಬೇಕೇ ಬೇಕು. ಹುಡುಕುವುದನ್ನು ಬಿಡಬೇಡ.

ಬಿಸಿಲಲ್ಲಿ ಅಲೆಯುವಾಗ ತಲೆಗೆ ಟೋಪಿ ಹಾಕಿಕೋ. ನಿನಗೆ ಬಿಸಿಲು ಆಗುವುದಿಲ್ಲ, ಮೂಗಿನಲ್ಲಿ ರಕ್ತ ಬರುತ್ತದೆ. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದ ಎಡ ಮಂಡಿ ಈಗ ಹೇಗಿದೆ? ಚಳಿಗೆ ಹಿಡಿದುಕೊಳ್ಳುತ್ತದಾ?

ತಂಗಿ


ಮಾರ್ಚ್ ೧೬

ಗುಬ್ಬಿ,

ನನ್ನ ಮಂಡಿಯ ಕಥೆ ನಿನಗೆ ಹೇಗೆ ಗೊತ್ತು? ನಾನು ಸೈಕಲ್ಲಿನಿಂದ ಬಿದ್ದಾಗ ನೀನಿನ್ನೂ ಹುಟ್ಟಿಯೇ ಇರಲಿಲ್ಲ. ಅಮ್ಮ ಹೇಳಿರಬೇಕು. ಮಂಡಿಯ ಬಗ್ಗೆ ನನ್ನನ್ನು ಯಾರೂ ಕೇಳಿ ಎಷ್ಟೋ ಕಾಲವಾಗಿತ್ತು. ಚೆನ್ನಾಗಿದೆ. ಮೆಟ್ಟಿಲು ಹತ್ತುವಾಗ ಮಾತ್ರ ಕಟಕಟ ಎನ್ನುತ್ತದೆ. ನಾನಿರುವುದು ಮಹಡಿಯ ಮೇಲಿನ ಒಂದು ಕೋಣೆ, ಕೆಳಗೆ ಮುಚ್ಚಿದ ಟಯರ್ ಅಂಗಡಿ. ದಿನಾ ಹತ್ತಲೇಬೇಕು.

ಟೋಪಿ ಕೊಂಡೆ. ಹುಲ್ಲಿನದು. ಬಜಾರಿನವರೆಲ್ಲ ನಗುತ್ತಿದ್ದಾರೆ.

ಡಬ್ಬಿಯ ಸಮಾಚಾರ: ಒಂದು ವ್ಯಾನು ಬಂದಿತ್ತು. ನಿಮ್ಮದೇ ಮಾಡೆಲ್, ನಿಮ್ಮದೇ ನಂಬರಿನ ಡಬ್ಬಿ. ಆದರೆ ಕೀ ಇಲ್ಲ. ಕೀ ಇಲ್ಲದ ಡಬ್ಬಿ ಇಟ್ಟಿಗೆಗೆ ಸಮ. ಗುಜರಿ ಸಾಹುಕಾರನಿಗೆ ಹೇಳಿಟ್ಟಿದ್ದೇನೆ. ತಾಳ್ಮೆ ಇರಲಿ. ಒದ್ದೆ ಬಟ್ಟೆ ಇದೆಯಲ್ಲ.

ಅಪ್ಪ ಏನು ತಿನ್ನುತ್ತಾರೆ? ಮಾತು ಸ್ಪಷ್ಟವಾಗಿದೆಯಾ? ದೊಡ್ಡ ಕಾಗದ ಬರಿ.

ಅಣ್ಣ


ಮಾರ್ಚ್ ೧೬, ಸಂಜೆ
(ಅಂಚೆಗೆ ಹಾಕದ ಕಾಗದ)

ಗುಬ್ಬಿ,

ಈಗಷ್ಟೇ ನಿನಗೆ ಸುಳ್ಳು ಬರೆದು ಅಂಚೆಗೆ ಹಾಕಿ ಬಂದೆ. ಕೀ ಇದೆ. ಡಬ್ಬಿಯೂ ಇದೆ. ಎರಡೂ ಹಳೆಯ ಅಂಗಿಯಲ್ಲಿ ಸುತ್ತಿಕೊಂಡು ನನ್ನ ಮಂಚದ ಕೆಳಗಿವೆ. ವ್ಯಾನು ತಂದವನೇ ಕೀಯನ್ನು ಕೈಗಿಟ್ಟು, "ತಗೊಳ್ಳಿ, ಇನ್ನು ಇದು ಯಾವ ಬೀಗಕ್ಕೆ" ಅಂದ. ಇಂಥ ಅದೃಷ್ಟ ಬಜಾರಿನಲ್ಲಿ ಯಾರಿಗೂ ಬರುವುದಿಲ್ಲ. ಪಾರ್ಸೆಲ್ ಕಟ್ಟಲು ದಾರ ಕೂಡ ತಂದೆ.

ಆಮೇಲೆ ನಿನ್ನ ಮೊದಲ ಕಾಗದ ತೆಗೆದು ಓದಿದೆ. ಸಿಕ್ಕಿಬಿಟ್ಟರೆ ಮತ್ತೆ ತೊಂದರೆ ಕೊಡುವುದಿಲ್ಲ ಎಂದು ಬರೆದಿದ್ದೀಯ. ನೀನು ಹೇಳಿದ ಹಾಗೇ ನಡೆಯುವವಳು. ನಾನು ಡಬ್ಬಿ ಕಳಿಸುತ್ತೇನೆ, ನೀನು ತಲುಪಿತು ಎಂದು ಬರೆಯುತ್ತೀಯ, ಅಲ್ಲಿಗೆ ಮುಗಿಯಿತು. ನನ್ನ ಮಂಡಿಯನ್ನು ಮತ್ತೆ ಯಾರು ಕೇಳುತ್ತಾರೆ?

ಗಾಡಿ ಆಸ್ಪತ್ರೆಗೆ ಹೋಗಿ ಬರುತ್ತಿದೆ. ಯಾರಿಗೂ ಏನೂ ನಷ್ಟವಿಲ್ಲ. ಇನ್ನೆರಡು ಕಾಗದ ಬರಲಿ, ಕಳಿಸಿಬಿಡುತ್ತೇನೆ. ಇಷ್ಟು ಆಸೆ ಪಟ್ಟರೆ ತಪ್ಪಾ?


ಏಪ್ರಿಲ್ ೨

ಅಣ್ಣ,

ಮಾತು ಸ್ಪಷ್ಟವಾಗಿದೆ, ಅದೇ ತೊಂದರೆ. ಬೈಗುಳವೂ ಸ್ಪಷ್ಟ. ಮೆತ್ತಗೆ ಮಾಡಿಕೊಟ್ಟದ್ದನ್ನು ತಿನ್ನುತ್ತಾರೆ. ಬಲಗೈ ಏಳುವುದಿಲ್ಲ, ಆದರೆ ಎಡಗೈಯಲ್ಲೇ ಗಡ್ಡ ಹೆರೆದುಕೊಳ್ಳುವುದನ್ನು ಕಲಿಯುತ್ತಿದ್ದಾರೆ. ಬೆಳಿಗ್ಗೆ ಬೆಳಿಗ್ಗೆ ಕನ್ನಡಿ ಹಿಡಿದು ನಿಲ್ಲುವುದು ನನ್ನ ಕೆಲಸ. "ಇನ್ನೂ ಮೇಲೆ ಹಿಡಿ, ನನ್ನ ಮುಖ ನೋಡಬೇಕು, ಬನಿಯನ್ ಅಲ್ಲ."

ಕೀ ಇಲ್ಲವೆಂದು ಓದಿ ಬೇಜಾರಾಯಿತು. ಅಣ್ಣ, ಆದಷ್ಟು ಬೇಗ ನೋಡು. ಒಂದು ಕೆಲಸವಿದೆ, ದೂರ ಹೋಗಬೇಕು. ಇದಕ್ಕಿಂತ ಹೆಚ್ಚು ಕೇಳಬೇಡ.

ಮಂಡಿಗೆ ಬೆಚ್ಚಗಿನ ಉಪ್ಪಿನ ಕಾವು ಕೊಡು. ಊಟದ ಹೊತ್ತು ತಪ್ಪಿಸಬೇಡ, ಹಸಿದರೆ ನಿನ್ನ ಕೈ ನಡುಗುತ್ತದೆ.

ತಂಗಿ


ಏಪ್ರಿಲ್ ೧೯

ಗುಬ್ಬಿ,

ದೂರ ಅಂದರೆ ಎಲ್ಲಿಗೆ? ಗಾಡಿ ಮಾರುವ ಯೋಚನೆಯಾ? ಓಡುವ ಸ್ಥಿತಿಯಲ್ಲಿದ್ದರೆ ಕೊಳ್ಳುವವರು ಸಿಗುತ್ತಾರೆ ಎಂದು ಮೇಸ್ತ್ರಿ ಕಿವಿ ಊದಿರಬೇಕು. ಮಾರಬೇಡ. ಆ ಗಾಡಿಯ ಸೋಪಿನ ವಾಸನೆಯಲ್ಲಿ ನಾವು ಬೆಳೆದದ್ದು. ಬಟ್ಟೆ ಮೂಟೆಗಳ ಮೇಲೆ ನಿನ್ನನ್ನು ಮಲಗಿಸಿಕೊಂಡು ನಾನು ಅಪ್ಪನ ಜೊತೆ ಹೋಗುತ್ತಿದ್ದೆ. ನೆನಪಿದೆಯಾ?

ಈ ವಾರ ಬಜಾರಿನ ಮೂಲೆ ಮೂಲೆ ಸುತ್ತಿದೆ. ಎರಡು ವ್ಯಾನು ಬಂದವು, ಒಂದರ ಡಬ್ಬಿ ನೀರು ಕುಡಿದಿತ್ತು, ಇನ್ನೊಂದರದ್ದನ್ನು ಇಲಿ ಕಡಿದಿತ್ತು. ಟೋಪಿ ಇಲ್ಲದಿದ್ದರೆ ನನ್ನ ತಲೆಯೇ ಬೆಂದುಹೋಗುತ್ತಿತ್ತು. ಸಿಗುತ್ತದೆ, ಸಿಗದೆ ಎಲ್ಲಿ ಹೋಗುತ್ತದೆ.

ನೀನು ಕನ್ನಡಿ ಹಿಡಿಯುವುದನ್ನು ಓದಿ ಒಬ್ಬನೇ ನಕ್ಕೆ. ಇಂಥದ್ದನ್ನು ಇನ್ನೂ ಬರಿ.

ಅಣ್ಣ


ಮೇ ೫

ಅಣ್ಣ,

ಮಾರುವುದಿಲ್ಲ. ಇನ್ನು ಹಾಗೆ ಕೇಳಬೇಡ. ಬಿಸಿಲು ಹೆಚ್ಚಾಗಿ ಒದ್ದೆ ಬಟ್ಟೆ ಹಾಸಿದ ಕೂಡಲೇ ಒಣಗುತ್ತಿದೆ. ಏನಾದರೂ ಮಾಡು.

ತಂಗಿ


ಜೂನ್ ೯

ಗುಬ್ಬಿ,

ನಿನ್ನ ಕೊನೆಯ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ, ಆಮೇಲೆ ಒಂದು ತಿಂಗಳಿನಿಂದ ನಿನ್ನದೂ ಬಂದಿಲ್ಲ. ಅಂಚೆಯವನು ನನ್ನನ್ನು ಕಂಡರೆ ಈಗ ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ. ನನ್ನ ಮೇಲೆ ಕೋಪವಾ?

ಕೋಪ ಬಿಡು. ನಿನ್ನೆ ಡಬ್ಬಿ ಸಿಕ್ಕಿತು, ಕೀ ಸಮೇತ. ಇವತ್ತೇ ಪಾರ್ಸೆಲ್ ಮಾಡುತ್ತಿದ್ದೇನೆ. ಮೇಸ್ತ್ರಿಗೆ ಹೇಳು, ಮೊದಲು ಬ್ಯಾಟರಿಯ ವೈರು ಬಿಚ್ಚಲಿ, ಆಮೇಲೆ ಡಬ್ಬಿ ಬದಲಿಸಲಿ. ಗಾಡಿಯನ್ನು ನಿಮ್ಮ ಕೀಯಲ್ಲೇ ಚಾಲೂ ಮಾಡಬೇಕು; ಈ ಕೀ ತೂತಿಗೆ ಹೊಂದುವುದಿಲ್ಲ, ಅದನ್ನು ತೂತಿನ ಪಕ್ಕದಲ್ಲೇ ಅಂಟಿಸಿಟ್ಟರೆ ಸಾಕು.

ತಲುಪಿದ ಮೇಲೂ ಒಂದು ಸಾಲು ಬರಿ.

ಅಣ್ಣ


ಜೂನ್ ೨೧

ಅಣ್ಣ,

ಡಬ್ಬಿ ಬಂತು. ಅದು ಬರುವ ಹೊತ್ತಿಗೆ ಅಪ್ಪ ಇರಲಿಲ್ಲ. ಮೇ ಕೊನೆಯಲ್ಲಿ, ಬೆಳಗಿನ ಹೊತ್ತು, ಗಡ್ಡ ಹೆರೆದುಕೊಳ್ಳಲು ಕನ್ನಡಿ ತರಲು ಒಳಗೆ ಹೋಗಿದ್ದೆ. ತಂದು ನೋಡಿದರೆ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ನಿನ್ನ ಫೋನ್ ನಂಬರು ನನ್ನ ಹತ್ತಿರ ಇರಲಿಲ್ಲ. ಕಾಗದ ತಲುಪುವವರೆಗೆ ಅವರನ್ನು ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಎಲ್ಲ ನಾನೇ ಮಾಡಿದೆ. ಆಮೇಲೆ ನಿನಗೆ ಬರೆಯಲು ಕೂತಾಗಲೆಲ್ಲ ಅಳು ಬಂದು ನಿಲ್ಲಿಸಿದೆ.

ಈಗ ಹೇಳಬಹುದು. ಅವರು ನನ್ನ ಬಾಯಿಗೆ ಬೀಗ ಹಾಕಿದ್ದರು, ಆ ಬೀಗ ಹಾಕಿದವರೇ ಇಲ್ಲ.

ಅವರ ಆಪರೇಷನ್ನಿಗೆ ಸಹಿ ಹಾಕಿದ್ದು ನಾನು. ಎಚ್ಚರವಾದ ಮೇಲೆ, "ಯಾರು ಸಹಿ ಹಾಕಿದ್ದು?" ಎಂದು ಕೇಳಿದರು. "ನಾನು" ಅಂದೆ. ತುಂಬಾ ದಿನ ಕಳೆಯಿತು. ಒಂದು ದಿನ ಇದ್ದಕ್ಕಿದ್ದಂತೆ, "ಸಹಿ ಹಾಕುವಾಗ ನಿನ್ನ ಕೈ ನಡುಗ್ತಾ?" ಅಂದರು. ನಡುಗಿತು ಅಂದೆ. "ಅವನದೂ ನಡುಗಿರತ್ತೆ. ನಾನು ಅದನ್ನ ಕೇಳಲೇ ಇಲ್ಲ" ಅಂದರು. ಅವತ್ತೇ ನಿನ್ನ ಹತ್ತಿರ ಹೋಗಬೇಕೆಂದು ಹಟ ಹಿಡಿದರು.

ಅಣ್ಣನನ್ನೇ ಕರೆಸೋಣ ಅಂದೆ. "ಬೇಡ. ಹೇಳಿದ್ರೆ ಅವನೇ ಓಡಿ ಬರ್ತಾನೆ. ತಪ್ಪು ಮಾಡಿದೋನು ನಾನು, ಅವನ ಬಾಗಿಲಿಗೆ ನಾನೇ ಹೋಗ್ಬೇಕು. ಅವನಿಗೆ ಗಾಡಿ ವಿಷಯ ಮಾತ್ರ ಬರಿ." ಬಾಡಿಗೆ ಗಾಡಿ ಮಾಡೋಣ ಅಂದೆ. "ಇನ್ನೊಬ್ಬರ ಗಾಡೀಲಿ ಹೋದ್ರೆ ನಾನು ಮೂಟೆ. ನನ್ನ ಗಾಡೀಲಿ ಹೋದ್ರೆ ನಾನು ಅವನ ಅಪ್ಪ." ನಿನಗೆ ಗೊತ್ತಲ್ಲ ಅವರ ಹಟ.

ನಿನ್ನ ಕಾಗದಗಳನ್ನೆಲ್ಲ ನಾನು ಓದಿ ಹೇಳುತ್ತಿದ್ದೆ. ಟೋಪಿ ಹಾಕಿಕೋ ಎಂದು ಬರೆಸಿದ್ದು ಅವರು. ಮಂಡಿ ಹೇಗಿದೆ ಎಂದು ಕೇಳಿದ್ದು ಅವರು. ಸೈಕಲ್ಲಿನಿಂದ ಬಿದ್ದ ನಿನ್ನನ್ನು ಎತ್ತಿಕೊಂಡು ಬಂದದ್ದು ಅವರೇ ಅಂತೆ. ಹುಲ್ಲಿನ ಟೋಪಿ ಕೊಂಡೆ ಎಂದು ನೀನು ಬರೆದದ್ದನ್ನು ಎರಡು ಸಲ ಓದಿಸಿದರು. ಎಡಗೈಯಲ್ಲಿ ಗಡ್ಡ ಹೆರೆಯುವುದನ್ನು ಕಲಿತದ್ದೂ ನಿನ್ನ ಮುಂದೆ ಚೆನ್ನಾಗಿ ಕಾಣಬೇಕೆಂದೇ. ದಿನಾ ಸಂಜೆ, "ಸಿಕ್ತಂತಾ?" ಎನ್ನುವರು. ಇನ್ನೂ ಇಲ್ಲ, ಹುಡುಕುತ್ತಿದ್ದಾನೆ ಅಂದರೆ, "ಪಾಪ, ನನ್ನಿಂದ ಬಿಸಿಲಲ್ಲಿ ಅಲೀತಿದ್ದಾನೆ" ಎನ್ನುವರು.

ಮೇ ಮಧ್ಯದಲ್ಲಿ ತಡೆಯಲಾರದೆ, "ಒದ್ದೆ ಬಟ್ಟೆ ಹಾಕ್ಕೊಂಡೇ ಹೋಗೋಣ" ಎಂದು ಹೊರಡಿಸಿದರು. ಬಿಳಿ ಅಂಗಿಗೆ ಅವರೇ ಹೇಳಿ ಇಸ್ತ್ರಿ ಮಾಡಿಸಿಕೊಂಡರು. ಬಕೆಟ್ಟಿನಲ್ಲಿ ನೀರು ಇಟ್ಟುಕೊಂಡೆ. ಗಾಡಿ ನಿಲ್ಲುತ್ತಾ ನಿಲ್ಲುತ್ತಾ ಊರಾಚೆಯ ಸೇತುವೆ ದಾಟಿತು. ಅಲ್ಲಿ ನಿಂತದ್ದು ಮತ್ತೆ ಹೊರಡಲೇ ಇಲ್ಲ. ಮೇಸ್ತ್ರಿ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಬಂದ. ನಾನು ಅಳುತ್ತಿದ್ದೆ. "ಯಾಕೆ ಅಳ್ತೀಯ, ಅವನು ಹುಡುಕ್ತಿದ್ದಾನಲ್ಲ. ಸಿಗತ್ತೆ ಬಿಡು" ಅಂದರು.

ಈಗ ಗಾಡಿ ಹೂವಿನಂತೆ ಓಡುತ್ತಿದೆ. ಗಾಲಿಕುರ್ಚಿ ವಾಪಸು ಕೊಡಲು ಆಸ್ಪತ್ರೆಗೆ ಹೋದೆ. ಎಲ್ಲೂ ನಿಲ್ಲಲಿಲ್ಲ. ಆ ದೊಡ್ಡ ಮರದ ಕೆಳಗೆ ನಾನೇ ನಿಲ್ಲಿಸಿದೆ, ಹಿಂದಿನಿಂದ ಯಾರೂ ಬೈಯಲಿಲ್ಲ.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಕೈಲಾದದ್ದನ್ನೆಲ್ಲ ಮಾಡಿದೆ. ಅವರಿಗೆ ಅದು ಗೊತ್ತಿತ್ತು.

ತಂಗಿ


ಜೂನ್ ೩೦

ಗುಬ್ಬಿ,

ನಾನು ಏನೂ ಮಾಡಲಿಲ್ಲ. ಡಬ್ಬಿಯೂ ಕೀಯೂ ಮಾರ್ಚ್ ತಿಂಗಳಲ್ಲೇ ಸಿಕ್ಕಿದ್ದವು. ಜೂನಿನವರೆಗೆ ನನ್ನ ಮಂಚದ ಕೆಳಗಿದ್ದವು. ನೀರು ಕುಡಿದ ಡಬ್ಬಿ, ಇಲಿ ಕಡಿದ ಡಬ್ಬಿ ಎಲ್ಲ ನಾನು ಕಟ್ಟಿದ ಕಥೆ. ಡಬ್ಬಿ ಕಳಿಸಿದರೆ ನಿನ್ನ ಕಾಗದ ನಿಲ್ಲುತ್ತದೆ ಎಂದು ಹೆದರಿದೆ. ಅದಕ್ಕೇ ಇಟ್ಟುಕೊಂಡೆ. ಬೇರೆ ಕಾರಣವಿಲ್ಲ.

ನಾನು ಬಿಸಿಲಲ್ಲಿ ಅಲೆಯಲಿಲ್ಲ. ಟೋಪಿಯನ್ನೂ ಕೊಳ್ಳಲಿಲ್ಲ. ನೆರಳಲ್ಲಿ ಕೂತವನಿಗೆ ಟೋಪಿ ಯಾಕೆ?

ಅಪ್ಪ ಸೇತುವೆಯವರೆಗೆ ಬಂದಿದ್ದರು ಎಂದು ಓದಿದ ಮೇಲೆ ಕೆಲಸಕ್ಕೆ ಹೋಗಿಲ್ಲ. ನಿನ್ನನ್ನು ಏನನ್ನೂ ಕೇಳುವ ಯೋಗ್ಯತೆ ನನಗಿಲ್ಲ. ಆದರೆ ನೀನು ನನ್ನನ್ನು ಒಳ್ಳೆಯವನೆಂದುಕೊಂಡು ಬರೆದ ಆ ಕೊನೆಯ ಸಾಲುಗಳನ್ನು ಇಟ್ಟುಕೊಳ್ಳಲು ಆಗಲಿಲ್ಲ.

ಫೋನ್ ನಂಬರು ಈ ಹಾಳೆಯ ಹಿಂದೆ ಬರೆದಿದ್ದೇನೆ. ಫೆಬ್ರವರಿಯಲ್ಲೇ ಬರೆಯಬೇಕಿತ್ತು.

ಅಣ್ಣ


ಆಗಸ್ಟ್ ೨೪

ಅಣ್ಣ,

ನಿನ್ನ ಕಾಗದ ಓದಿ ಗ್ಯಾರೇಜಿಗೆ ಹೋದೆ. "ಈ ಡಬ್ಬಿ ಕಿತ್ತುಹಾಕಿ, ಹಳೇದೇ ಇರಲಿ" ಅಂದೆ. ಮೇಸ್ತ್ರಿ ನನ್ನ ಮುಖ ನೋಡಿ, "ಮೊದಲು ಕೂತ್ಕೊಳ್ಳಿ ಅಮ್ಮ, ನೀರು ಕುಡೀರಿ" ಎಂದು ಸ್ಟೂಲು ಕೊಟ್ಟ. ಕೂತು ಅತ್ತೆ. ಡಬ್ಬಿ ಹಾಗೇ ಉಳಿಯಿತು.

ಮತ್ತೆ ತೊಂದರೆ ಕೊಡುವುದಿಲ್ಲ ಎನ್ನುವುದು ಮರ್ಯಾದೆಗೆ ಬರೆದ ಮಾತು ಅಣ್ಣ. ಅಷ್ಟು ವರ್ಷಗಳ ಮೇಲೆ ಬರೆಯುವಾಗ ಇನ್ನು ಹೇಗೆ ಬರೆಯಲಿ? ನೀನು ಒಂದು ಸಲ ಕೇಳಬಹುದಿತ್ತು. ನಾನೂ ಅಪ್ಪನ ಮಾತು ಮೀರಿ ನಿನಗೆ ಒಂದು ಸಾಲು ಬರೆಯಬಹುದಿತ್ತು. ದಿನಾ ಅದನ್ನೇ ಯೋಚಿಸುತ್ತೇನೆ. ಯೋಚಿಸಿದರೆ ನಿನ್ನ ಮೇಲಿನ ಕೋಪ ಕಡಿಮೆಯಾಗುವುದಿಲ್ಲ, ನನ್ನ ಮೇಲೂ ಶುರುವಾಗುತ್ತದೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಎಷ್ಟೋ ಸಲ ಕೂತೆ. ಕೈ ಏಳಲಿಲ್ಲ. ನಾನೂ ಅಪ್ಪನ ಮಗಳೇ, ನನಗೂ ಸಮಯ ಬೇಕು. ಆದರೆ ಅವರಷ್ಟು ಸಮಯ ತೆಗೆದುಕೊಳ್ಳುವುದಿಲ್ಲ. ಅಷ್ಟು ತೆಗೆದುಕೊಂಡರೆ ಏನಾಗುತ್ತದೆ ಎಂದು ನೋಡಿದ್ದೇನೆ.

ತಪ್ಪು ಮಾಡಿದವರೇ ಬಾಗಿಲಿಗೆ ಹೋಗಬೇಕು ಎಂದು ಅಪ್ಪ ಹೇಳುತ್ತಿದ್ದರು. ಅದಕ್ಕೆ ನೀನು ಬಾ. ಬರುವ ದಿನ ಬರೆದು ತಿಳಿಸು, ಬಸ್ಸು ನಿಲ್ಲುವಲ್ಲಿಗೆ ಗಾಡಿ ತರುತ್ತೇನೆ. ಮನೆ ತಲುಪುವವರೆಗೆ ನಾನು ಮಾತಾಡದೆ ಇರಬಹುದು. ನೀನು ಸುಮ್ಮನೆ ಕೂತಿರು, ಗೇರಿನ ಬಗ್ಗೆ ಮಾತ್ರ ಏನೂ ಹೇಳಬೇಡ.

ಇಲ್ಲಿ ಈ ಸಲ ಮಳೆ ಕಡಿಮೆ, ಬಿಸಿಲು ಇನ್ನೂ ಇಳಿದಿಲ್ಲ. ಒಂದು ಟೋಪಿ ಕೊಂಡು ಹಾಕಿಕೊಂಡು ಬಾ. ಇದನ್ನು ಅಪ್ಪ ಬರೆಸಿದ್ದಲ್ಲ, ನಾನೇ ಬರೆಯುತ್ತಿದ್ದೇನೆ.

ಗುಬ್ಬಿ